ನೀರಿನ ಅಣುವಿನಲ್ಲಿ ಜೋಳದ ದಂಟು

ಸರ್ ತೀರಿಕೊಂಡು ಮೂರು ತಿಂಗಳಾಯಿತು. ಶಾಲೆಯಿಂದ ಪತ್ರ ಬಂದಿದೆ: ಅವರ ಹೆಸರಿನಲ್ಲಿ ಒಂದು ಸ್ಮರಣ ಸಂಚಿಕೆ ತರುತ್ತಾರಂತೆ, ಹಳೆಯ ವಿದ್ಯಾರ್ಥಿನಿಯಾದ ನಾನು ಎರಡು ಪುಟ ಬರೆದುಕೊಡಬೇಕಂತೆ. ಅವರಿಗೆ ಸಂಬಂಧಿಸಿದ ವಸ್ತು ಏನಾದರೂ ನನ್ನ ಬಳಿ ಇದ್ದರೆ ಅದನ್ನೂ ಟಪಾಲಿನಲ್ಲಿ ಕಳಿಸಬೇಕಂತೆ, ಶಾಲೆಯ ಗಾಜಿನ ಕಪಾಟಿನಲ್ಲಿ ಇಡುತ್ತಾರೆ. ಪತ್ರಕ್ಕೆ ಸಹಿ ಮಾಡಿದವಳು ನನ್ನ ಜೊತೆ ಓದಿದವಳು, ಆಗಿನ ಶಾಲಾ ಕಮಿಟಿ ಅಧ್ಯಕ್ಷರ ಮಗಳು. 'ನಮ್ಮೆಲ್ಲರನ್ನೂ ಒಂದು ಬಂಧದಲ್ಲಿ ಕಟ್ಟಿದ ಮಹನೀಯರು' ಎಂದು ಬರೆದಿದ್ದಾಳೆ. ಆ ಸಾಲನ್ನು ನಾನು ಎರಡು ಸಲ ಓದಿದೆ, ಎರಡು ಸಲವೂ ನಗು ಬಂತು.

ಎರಡು ಪುಟ ಹೊಗಳುವಷ್ಟು ಸರಕು ಆ ಮನುಷ್ಯನಲ್ಲಿ ಇರಲಿಲ್ಲ. ಆದರೆ ಬರೆಯುವಷ್ಟು ಇತ್ತು. ಬರೆಯುತ್ತೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು. ಹೆಸರು ಮಾತ್ರ ಹೇಳುವುದಿಲ್ಲ, ಅವರ ಮಕ್ಕಳಿದ್ದಾರೆ. ಊರಿನ ಹೆಸರೂ ಬೇಡ. ಅಕ್ಕಿಆಲೂರಿನಿಂದ ಒಂದು ಹರದಾರಿ ಆಚೆ, ಹಾನಗಲ್ಲಿನ ಬಸ್ಸು ನಿಲ್ಲುವ ಒಂದು ಊರು ಎಂದರೆ ಸಾಕು.

ಕರಿ ಕೋಟು, ಕರಿ ಟೊಪ್ಪಿಗೆ, ಗಂಜಿ ಹಾಕಿದ ಧೋತರ. ಕೋಟಿನ ಒಳಜೇಬಿನಲ್ಲಿ ಪ್ರಯೋಗದ ಕಪಾಟಿನ ಕೀಲಿಕೈ. ಆ ಕೀಲಿಕೈ ಹೊರಗೆ ಬರುತ್ತಿದ್ದದ್ದು ಇನ್ಸ್‌ಪೆಕ್ಟರ್ ಬಂದಾಗ. ಒಳಗೆ ಹತ್ತಾರು ಬಾಟಲಿಗಳು ಸಾಲಾಗಿ ನಿಂತಿದ್ದವು, ತೆಗೆದರೆ ಖಾಲಿಯಾಗುತ್ತವೆಂದು ಸರ್ ತೆಗೆಯುತ್ತಿರಲಿಲ್ಲ. ವರ್ಷಕ್ಕೊಂದೇ ಪ್ರಯೋಗ, ಸೀಮೆಎಣ್ಣೆಯಲ್ಲಿಟ್ಟ ಸೋಡಿಯಂ ಚೂರನ್ನು ನೀರಿಗೆ ಹಾಕುವುದು. ಅದನ್ನು ನಾವು ಕಿಟಕಿಯ ಹೊರಗೆ ನಿಂತು ನೋಡಬೇಕಾಗಿತ್ತು. ಸರ್ ಉದ್ದ ಚಿಮಟಿಗೆಯಿಂದ ಅದನ್ನು ಹಾಕಿ, ತಾವೂ ಓಡಿಬಂದು ನಮ್ಮ ಜೊತೆ ಕಿಟಕಿಯಲ್ಲಿ ಇಣುಕುತ್ತಿದ್ದರು.

ಯಾರನ್ನೂ ನೋಯಿಸಬಾರದೆಂಬುದು ಅವರ ವ್ರತ. 'ಎಲ್ಲಾರೂ ನಮ್ಮವ್ರ ಅದಾರ್ರಿ' ಎನ್ನುವುದು ಅವರ ಬಾಯಿಪಾಠ. ಹೊಸ ಹೈಸ್ಕೂಲು ಹುಲಗೂರಿನಲ್ಲಿ ಆಗಬೇಕೋ ಹಿರೇಬೆಂಡಿಗೇರಿಯಲ್ಲಿ ಆಗಬೇಕೋ ಎಂದು ಒಮ್ಮೆ ಜಗಳ ಎದ್ದಿತ್ತು. ಎರಡೂ ಊರಿನ ಹಿರಿಯರು ಬೇರೆ ಬೇರೆ ದಿನ ಬಂದು ಇವರ ಅಭಿಪ್ರಾಯ ಕೇಳಿದರು. ಹುಲಗೂರಿನವರಿಗೆ 'ನಿಮ್ಮೂರ ಸರಿ ನೋಡ್ರಿ, ದರ್ಗಾಕ್ಕ ಮಂದಿ ಬರ್ತಾರ, ಬಸ್ಸು ಐತಿ' ಎಂದರು. ಹಿರೇಬೆಂಡಿಗೇರಿಯವರಿಗೆ 'ನಿಮ್ಮೂರ ಸರಿ ನೋಡ್ರಿ, ಗದ್ದಲಿಲ್ಲ, ಹುಡುಗ್ರು ಓದತಾವ' ಎಂದರು. ಎರಡೂ ಕಡೆಯವರು ಇವರನ್ನು ತಮ್ಮ ಮನುಷ್ಯ ಎಂದು ತಿಳಿದು ಹೋದರು. ಇದನ್ನು ಜನ ಜಾಣತನ ಎನ್ನುತ್ತಿದ್ದರು. ನಾನೂ ಚಿಕ್ಕವಳಿದ್ದಾಗ ಹಾಗೇ ತಿಳಿದಿದ್ದೆ.

ನನ್ನ ವಿಷಯ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕೇರಿ ಊರ ಹೊರಗಿತ್ತು. ಅಪ್ಪ ಹರೆಯದಲ್ಲಿ ಮುಂಬಯಿಯ ಬಟ್ಟೆ ಗಿರಣಿಯಲ್ಲಿ ಆರು ವರ್ಷ ಇದ್ದು ಬಂದವನು. ಆಮೇಲೆ ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ, ಅವ್ವ ಅಲ್ಲೇ ಅಕ್ಕಿ ಹಸನು ಮಾಡುತ್ತಿದ್ದಳು. ನಮ್ಮ ಕೇರಿಯಿಂದ ಹೈಸ್ಕೂಲಿಗೆ ಹೋದ ಹುಡುಗಿ ನಾನೊಬ್ಬಳೇ. ಅಪ್ಪ ಒಂದೇ ಮಾತು ಹೇಳಿದ್ದ: 'ಮ್ಯಾಟ್ರಿಕ್ ಪಾಸಾದಿ ಅಂದ್ರ ಮಾಸ್ತರಕಿ ಟ್ರೇನಿಂಗಿಗೆ ಕಳಸ್ತೇನಿ. ನಪಾಸಾದಿ ಅಂದ್ರ ನಿಮ್ಮವ್ವನ ಬಾಜೂಕ ಮೊರಾ ಹಿಡಕೊಂಡು ಕುಂಡ್ರೂದ.' ಬೆದರಿಕೆ ಹಾಕುವ ಮನುಷ್ಯನಲ್ಲ ಅವನು, ಇದ್ದದ್ದನ್ನು ಹೇಳಿದ್ದ. ಅವ್ವನ ಕಣ್ಣು ತೌಡಿನ ಧೂಳಿನಿಂದ ಯಾವಾಗಲೂ ಕೆಂಪಗಿರುತ್ತಿದ್ದವು. ಆ ಕಣ್ಣು ನೋಡಿದಾಗಲೆಲ್ಲ ನಾನು ಪುಸ್ತಕ ತೆಗೆಯುತ್ತಿದ್ದೆ.

ಐವತ್ತರ ದಶಕ ಮುಗಿಯುತ್ತ ಬಂದಾಗ, ನಾನು ಮ್ಯಾಟ್ರಿಕ್‌ಗೆ ಬಂದ ವರ್ಷ, ವಿಜ್ಞಾನಕ್ಕೆ ಹೊಸ ಪಠ್ಯ ಬಂತು. ಪರಮಾಣುಗಳು ಒಂದಕ್ಕೊಂದು ಹೇಗೆ ಕೂಡುತ್ತವೆ ಎಂಬ ಪಾಠ ಅದರಲ್ಲಿ ಹೊಸದು. ಸರ್ ಧಾರವಾಡಕ್ಕೆ ಹೋಗಿ ಎಂಟು ದಿನದ ಶಿಬಿರದಲ್ಲಿ ಕೂತು ಬಂದರು. ಹೊಸ ಪಠ್ಯಪುಸ್ತಕದ ಒಂದೇ ಒಂದು ಪ್ರತಿ ತಂದರು. ತಂದು, ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. 'ನೋಟ್ಸ್ ಹೇಳತೇನಿ, ಅಷ್ಟ ಸಾಕು' ಎಂದರು.

ಮೊದಲ ಬಗೆಯ ಬಂಧ ಅವರಿಗೆ ಬಹಳ ಹಿಡಿಸಿತು. ಉಪ್ಪಿನಲ್ಲಿ ಸೋಡಿಯಂ ತನ್ನ ಒಂದು ಎಲೆಕ್ಟ್ರಾನ್ ಕೊಟ್ಟುಬಿಡುತ್ತದೆ, ಕ್ಲೋರಿನ್ ಅದನ್ನು ತೆಗೆದುಕೊಳ್ಳುತ್ತದೆ. ಕೊಟ್ಟದ್ದು ಒಂದು ಬಗೆಯ ವಿದ್ಯುತ್ತು, ತೆಗೆದುಕೊಂಡದ್ದು ಇನ್ನೊಂದು ಬಗೆ, ಆದ್ದರಿಂದ ಎರಡೂ ಒಂದನ್ನೊಂದು ಸೆಳೆದು ನಿಲ್ಲುತ್ತವೆ. ಇದನ್ನು ತೋರಿಸಲು ಸರ್ ಮೇಜಿನ ಮೇಲಿನ ತಂಬಿಗೆ ಎತ್ತಿ ಹಿಡಿದು, ಕೆಳಗೆ ಇನ್ನೊಂದು ಕೈಯನ್ನು ಬೊಗಸೆ ಮಾಡಿ ಒಡ್ಡಿದರು. 'ಸೋಡಿಯಂ ಮ್ಯಾಲಿಂದ ಹಾಕತೈತಿ. ಕ್ಲೋರಿನ್ ಕೆಳಗ ಬೊಗಸಿ ಒಡ್ಡತೈತಿ. ತಿಳೀತಿಲ್ಲೋ?' ಎಲ್ಲರಿಗೂ ತಿಳಿಯಿತು. ನನಗೆ ಎಲ್ಲರಿಗಿಂತ ಬೇಗ ತಿಳಿಯಿತು. ಶಾಲೆಯ ಹಿಂದಿನ ಬಾವಿಯ ಹತ್ತಿರ ನಾನು ದಿನಾಲೂ ನೀರು ಕುಡಿಯುತ್ತಿದ್ದದ್ದು ಹಾಗೆಯೇ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಬಾವಿಯ ನೆನಪೂ ಆಗಿರಲಿಕ್ಕಿಲ್ಲ. ಕೊಡುವುದೆಂದರೆ ಅವರಿಗೆ ಕಣ್ಣ ಮುಂದೆ ಬರುತ್ತಿದ್ದ ಚಿತ್ರವೇ ಅದು.

ತೊಂದರೆ ಬಂದದ್ದು ಎರಡನೆಯ ಬಗೆಯ ಬಂಧದಲ್ಲಿ. ನೀರಿನಲ್ಲಿ ಯಾರೂ ಯಾರಿಗೂ ಕೊಟ್ಟುಬಿಡುವುದಿಲ್ಲ. ಒಂದು ಆಕ್ಸಿಜನ್, ಎರಡು ಹೈಡ್ರೋಜನ್ ಸೇರಿ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುತ್ತವೆ. ಇದನ್ನು ಮಕ್ಕಳ ಕೈ ಕೈ ಹಿಡಿಸಿ ಆಟದಂತೆ ತೋರಿಸಬೇಕೆಂದು ಶಿಬಿರದಲ್ಲಿ ಹೇಳಿಕೊಟ್ಟಿದ್ದರಂತೆ. ಹದಿನೈದು ದಿನದಲ್ಲಿ ಇನ್ಸ್‌ಪೆಕ್ಟರ್ ಬರುವವರಿದ್ದರು, ಅವರ ಮುಂದೆ ಈ ಆಟ ಆಡಿಸಬೇಕಾಗಿತ್ತು. ಸರ್ ನಮ್ಮನ್ನು ಅಂಗಳಕ್ಕೆ ಕರೆದೊಯ್ದರು. ಗಂಡುಹುಡುಗರನ್ನು ಕಾರ್ಬನ್ನು, ಹೈಡ್ರೋಜನ್ನು ಎಂದು ವಿಂಗಡಿಸಿದರು. ವರ್ಗದಲ್ಲಿ ಹುಡುಗಿಯರು ಮೂವರೇ ಇದ್ದೆವು, ಸರಿಯಾಗಿ ನೀರಿಗೆ ಸಾಕಾಗುವಷ್ಟು. ಅಧ್ಯಕ್ಷರ ಮಗಳು ಎತ್ತರದವಳು, ಅವಳು ಆಕ್ಸಿಜನ್. ಪೋಸ್ಟ್‌ಮಾಸ್ತರರ ಮಗಳು ಒಂದು ಹೈಡ್ರೋಜನ್. ನಾನು ಇನ್ನೊಂದು.

'ಹೂಂ, ಕೈ ಹಿಡೀರಿ' ಎಂದರು ಸರ್.

ಆಕ್ಸಿಜನ್ ಎಡಗೈ ಚಾಚಿ ಪೋಸ್ಟ್‌ಮಾಸ್ತರರ ಮಗಳ ಕೈ ಹಿಡಿದಳು. ಬಲಗೈ ಬೆನ್ನ ಹಿಂದೆ ಹೋಯಿತು. ನಾನು ಕೈ ಚಾಚಿದ್ದೆ. ಚಾಚಬಾರದಾಗಿತ್ತು, ಆದರೆ ಸರ್ ಹೇಳಿದ್ದರು, ಹೇಳಿದ್ದನ್ನು ಮಾಡುವುದು ನನಗೆ ರೂಢಿ. ಅವಳು ಸಿಟ್ಟಿನಿಂದ ಅಲ್ಲ, ಬಹಳ ಸಹಜವಾಗಿ ಹೇಳಿದಳು: 'ಮನಿಗೆ ಹೋದ ಮ್ಯಾಲೆ ನಮ್ಮ ಆಯಿ ಕೇಳ್ತಾಳ್ರಿ ಸರ್. ಆಮ್ಯಾಲ ತಲಿ ಮ್ಯಾಲೆ ನೀರ ಹಾಕ್ಕೊಂಡ ಒಳಗ ಬಾ ಅಂತಾಳ.'

ಸರ್ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಮತ್ತೆ ತೆಗೆದು ಒರೆಸಿದರು. ಇಡೀ ಅಂಗಳ ಅವರ ಮುಖ ನೋಡುತ್ತಿತ್ತು. ನನ್ನ ಕೈ ಇನ್ನೂ ಗಾಳಿಯಲ್ಲೇ ಇತ್ತು, ಕೆಳಗಿಳಿಸುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ. ಆ ಹೊತ್ತಿನಲ್ಲಿ ಅವರು ಏನಾದರೂ ಒಂದು ಹೇಳಬಹುದಾಗಿತ್ತು. ಅವಳಿಗೆ ಗದರಿದ್ದರೆ ಸರಿ, ನನ್ನನ್ನು ಒಳಗೆ ಹೋಗೆಂದಿದ್ದರೂ ಅದೊಂದು ಮಾತಾಗುತ್ತಿತ್ತು. ಅವರು ಹೇಳಿದ್ದು: 'ಇವತ್ತಿಗೆ ಸಾಕು. ನಾಳೆ ನೋಡೂಣು.'

ಮರುದಿನ ಅಂಗಳದಲ್ಲಿ ಜೋಳದ ದಂಟಿನ ಎರಡು ಸಿವುಡು ಬಿದ್ದಿದ್ದವು. ನಮ್ಮ ಕಡೆ ಬೆಳೆಯುವುದು ಭತ್ತ, ಭತ್ತದ ಹುಲ್ಲು ಹಿಡಿದರೆ ಬಾಗುತ್ತದೆ, ಬಂಧಕ್ಕೆ ಬರುವುದಿಲ್ಲ. ಅದಕ್ಕೆ ಅಧ್ಯಕ್ಷರಿಗೆ ಹೇಳಿ ಸವಣೂರು ಕಡೆಯ ಅವರ ಹೊಲದಿಂದ ಗಾಡಿಯಲ್ಲಿ ತರಿಸಿದ್ದರು. ಎರಡೆರಡು ಮೊಳಕ್ಕೆ ಕತ್ತರಿಸಿ, ಎಲ್ಲರಿಗೂ ಹಂಚಿದರು. ನನಗೊಬ್ಬಳಿಗೇ ಕೊಟ್ಟರೆ ತಪ್ಪಾಗುತ್ತದೆಂದು ಪ್ರತಿಯೊಬ್ಬರ ನಡುವೆಯೂ ಒಂದೊಂದು ದಂಟು. ಅಣ್ಣತಮ್ಮಂದಿರಿಬ್ಬರು ಒಂದೇ ವರ್ಗದಲ್ಲಿದ್ದರು, ಅವರ ನಡುವೆಯೂ ದಂಟು. 'ಪುಸ್ತಕದಾಗ ಬಂಧ ಅಂದ್ರ ಗೆರಿ ಹಾಕ್ಯಾರ. ಗೆರಿ ಅಂದ್ರ ಇದ' ಎಂದು ಸರ್ ದಂಟು ಎತ್ತಿ ತೋರಿಸಿದರು. ಅವರ ಮುಖ ಎಷ್ಟು ಹಗುರಾಗಿತ್ತೆಂದರೆ, ರಾತ್ರಿಯೆಲ್ಲ ಹೊಟ್ಟೆನೋವಿದ್ದವರಿಗೆ ಬೆಳಿಗ್ಗೆ ವಾಸಿಯಾದಂತಿತ್ತು.

ಇನ್ಸ್‌ಪೆಕ್ಟರ್ ಬಂದರು, ನೋಡಿದರು, ಮೆಚ್ಚಿದರು. ಸ್ಥಳೀಯ ಸಾಮಗ್ರಿಯ ಉತ್ತಮ ಬಳಕೆ ಎಂದು ದಫ್ತರದಲ್ಲಿ ಬರೆದರು. ಅವತ್ತು ಕಪಾಟು ತೆರೆದಿತ್ತು, ಹೊಸ ಪುಸ್ತಕ ಮೇಜಿನ ಮೇಲೆ ಬಿಚ್ಚಿತ್ತು. ದಂಟು ಹಿಡಿದು ಒಳಗೆ ಬರುವಾಗ ನಾನು ಆ ಪುಟ ನೋಡಿದೆ. ನೀರಿನ ಚಿತ್ರ. ಮೂರು ವೃತ್ತಗಳು, ನಡುವಿನ ದೊಡ್ಡದರೊಳಗೆ ಎರಡೂ ಸಣ್ಣವು ಸ್ವಲ್ಪ ಸ್ವಲ್ಪ ಹೊಕ್ಕಿವೆ. ಹೊಕ್ಕ ಜಾಗದಲ್ಲಿ ಎರಡೆರಡು ಚುಕ್ಕೆ. ನಡುವೆ ಗೆರೆ ಇಲ್ಲ, ದಂಟಂತೂ ಇಲ್ಲವೇ ಇಲ್ಲ.

ಮರುದಿನ ಧೈರ್ಯ ಮಾಡಿ ಕೇಳಿದೆ: 'ಸರ್, ಪುಸ್ತಕದಾಗ ಒಂದರಾಗ ಒಂದು ಹೊಕ್ಕಾವರಿ. ಕಡ್ಡಿ ಎಲ್ಲೈತ್ರಿ?'

ಸರ್ ನನ್ನನ್ನು ನೋಡಲಿಲ್ಲ, ಹಲಗೆಯನ್ನು ನೋಡಿದರು. 'ಅದು ಅಚ್ಚಿನ ತಪ್ಪವ್ವಾ. ಶಾಯಿ ಹರದೇತಿ.'

ಆಮೇಲೆ ನೋಟ್ಸ್ ಹೇಳಿದರು. ಎರಡು ಪರಮಾಣುಗಳ ನಡುವೆ ಬಂಧವೆಂಬ ಕಡ್ಡಿ ಇರುತ್ತದೆ, ಇದರ ಸಹಾಯದಿಂದ ಅವು ಒಂದನ್ನೊಂದು ಮುಟ್ಟದೆ ಕೂಡಿರುತ್ತವೆ. ನಾವೆಲ್ಲ ಬರೆದುಕೊಂಡೆವು, ಬಾಯಿಪಾಠ ಮಾಡಿದೆವು. ಜಗತ್ತಿನ ಬೇರೆ ಯಾವ ಊರಿನ ಮಕ್ಕಳೂ ಇಂಥ ರಸಾಯನಶಾಸ್ತ್ರ ಓದಿರಲಿಕ್ಕಿಲ್ಲ.

ಮಾರ್ಚಿನ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಹತ್ತು ಅಂಕಕ್ಕೆ. ನೀರಿನ ಅಣುವಿನಲ್ಲಿ ಪರಮಾಣುಗಳು ಹೇಗೆ ಕೂಡಿವೆ, ಚಿತ್ರ ಬರೆದು ವಿವರಿಸಿರಿ. ನಾನು ಮೊದಲು ಬರೆದದ್ದು ಪುಸ್ತಕದಲ್ಲಿ ಕಂಡ ಚಿತ್ರ, ಒಂದರಲ್ಲೊಂದು ಹೊಕ್ಕ ವೃತ್ತಗಳು, ಎರಡೆರಡು ಚುಕ್ಕೆ. ಬರೆದು ಅದನ್ನೇ ನೋಡುತ್ತ ಕೂತೆ. ಶಾಯಿ ಹರಿದಿದೆ ಎಂದಿದ್ದರು. ಸರ್ ಧಾರವಾಡಕ್ಕೆ ಹೋಗಿ ಬಂದವರು, ನಾನು ಯಾವ ಲೆಕ್ಕ. ರಬ್ಬರಿನಿಂದ ಅಳಿಸಿದೆ. ವೃತ್ತಗಳನ್ನು ದೂರ ದೂರ ಬರೆದು ನಡುವೆ ಕಡ್ಡಿ ಎಳೆದೆ, ಮುಟ್ಟದೆ ಕೂಡಿರುತ್ತವೆ ಎಂದು ವಿವರಿಸಿದೆ. ಈ ಹೊತ್ತಿಗೂ ನನಗೆ ನಾಚಿಕೆಯಾಗುವುದು ಆ ಅಳಿಸಿದ್ದಕ್ಕೆ. ಇಡೀ ವರ್ಗ ಹಾಗೇ ಬರೆದಿತ್ತು. ಒಬ್ಬ ಹುಡುಗ ದಂಟಿಗೆ ಗೆಣ್ಣು, ಸೋಗೆ ಎಲ್ಲ ಬರೆದು ಬಂದಿದ್ದ.

ವಿಜ್ಞಾನದಲ್ಲಿ ನಮ್ಮಲ್ಲಿ ಬಹಳ ಮಂದಿ ನಪಾಸಾದೆವು. ನಾನು ಹೋದದ್ದು ನಾಲ್ಕು ಅಂಕದಿಂದ. ಅಧ್ಯಕ್ಷರ ಮಗಳೂ ನಪಾಸಾದಳು, ಅವರ ಮನೆಯಲ್ಲಿ ಅದು ಎರಡು ದಿನದ ಮಾತಾಯಿತು. ನಾನು ಜೂನ್ ತಿಂಗಳಲ್ಲಿ ಅಕ್ಕಿಆಲೂರಿನ ಗಿರಣಿಗೆ ಹೋಗಿ ಅವ್ವನ ಪಕ್ಕ ಕೂತೆ. ಮೊರ ಹಿಡಿದ ಮೊದಲ ವಾರ ಬೆರಳ ಸಂದಿಯೆಲ್ಲ ಒಡೆಯಿತು, ಎರಡನೆಯ ವಾರ ಕಣ್ಣು ಅವ್ವನ ಕಣ್ಣಿನಂತೆಯೇ ಆದವು. ಅವ್ವ ತನ್ನ ಸೆರಗಿನ ಚುಂಗು ಹರಿದು ಮೂಗಿಗೆ ಕಟ್ಟಿಕೊಳ್ಳಲು ಕೊಟ್ಟಳು.

ಅಪ್ಪ ಮಾತ್ರ ತಾನು ಆಡಿದ ಮಾತಿಗೆ ತಾನೇ ಸೋತ. ಆಗಸ್ಟಿನ ಒಂದು ಭಾನುವಾರ ಅಂಗಿ ತೊಟ್ಟು, 'ನಡಿ, ಸರ್ ಹಂತೇಕ ಪುಸ್ತಕಾ ಕೇಳೂಣು. ಅಕ್ಟೋಬರದಾಗ ಇನ್ನೊಮ್ಮೆ ಕುಂಡ್ರು' ಎಂದ. ಸರ್ ಮನೆಗೆ ಹೋದೆವು. ನಾನು ರಸ್ತೆಯಲ್ಲಿ ನಿಂತೆ, ಅಪ್ಪ ಕಟ್ಟೆಯ ಕೆಳಗೆ. ಸರ್ ಹೊರಗೆ ಬಂದು ಬಹಳ ಮರುಗಿದರು. ಶಾಣ್ಯಾ ಹುಡುಗಿ, ಹಿಂಗಾಗಬಾರದಿತ್ತು ಎಂದರು. ಒಳಗೆ ಹೋಗಿ, ಶಾಲೆಯ ಕಪಾಟಿನಿಂದ ಮನೆಗೆ ತಂದಿಟ್ಟುಕೊಂಡಿದ್ದ ಆ ಪುಸ್ತಕ ತಂದು ಕಟ್ಟೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದರು. ಅಪ್ಪ ಬಗ್ಗಿ ಎತ್ತಿಕೊಂಡ. ಸೋಡಿಯಂ ಕ್ಲೋರಿನ್‌ಗೆ ಕೊಟ್ಟಂತೆಯೇ.

ಮನೆಗೆ ಬಂದು ನಾನು ಮೊದಲು ತೆಗೆದದ್ದು ಆ ಪುಟ. ಚಿತ್ರ ಹಾಗೇ ಇತ್ತು, ಶಾಯಿ ಎಲ್ಲೂ ಹರಿದಿರಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಸರ್ ಅವರದೇ ದುಂಡು ಅಕ್ಷರ. ಶಿಬಿರದಲ್ಲಿ ಕೂತು ಬರೆದುಕೊಂಡದ್ದು. 'ನಡುವೆ ಕಡ್ಡಿ, ಕೊಕ್ಕೆ ಏನೂ ಇಲ್ಲ. ಒಂದರ ಅಂಗಳಕ್ಕೆ ಇನ್ನೊಂದು ಬಂದು, ಒಂದು ಜೊತೆ ಎಲೆಕ್ಟ್ರಾನುಗಳನ್ನು ಇಬ್ಬರದೂ ಎಂದು ಇಟ್ಟುಕೊಳ್ಳುತ್ತವೆ. ಗೆರೆ ಎಳೆಯುವುದು ನಮ್ಮ ಅನುಕೂಲಕ್ಕೆ.' ಅದರ ಕೆಳಗೆ ಅಡಿಗೆರೆ ಹಾಕಿ, 'ಮಕ್ಕಳಿಗೆ ಕೈ ಕೈ ಹಿಡಿಸಿ ತೋರಿಸುವುದು.'

ನಪಾಸಾದ ಮೇಲೆ ನಾನು ಅವರನ್ನು ದಡ್ಡರೆಂದು ತಿಳಿದಿದ್ದೆ. ದಡ್ಡರ ಮೇಲೆ ಸಿಟ್ಟು ಮಾಡಿ ಏನು ಮಾಡುವುದು, ಬಿಟ್ಟುಬಿಡಬಹುದು. ಇವರಿಗೆ ಎಲ್ಲವೂ ಗೊತ್ತಿತ್ತು. ನಾಲ್ಕು ಸಾಲಿನಲ್ಲಿ ಇದಕ್ಕಿಂತ ಚೆನ್ನಾಗಿ ನಾನು ಇಂದಿಗೂ ವಿವರಿಸಲಾರೆ. ಗೊತ್ತಿದ್ದೂ ಇಡೀ ವರ್ಗದ ಕೈಗೆ ಸುಳ್ಳು ಕೊಟ್ಟರು, ಏಕೆಂದರೆ ಸತ್ಯ ಹೇಳುವುದಕ್ಕೆ ಒಂದು ಹುಡುಗಿಯ ಕೈಯನ್ನು ಇನ್ನೊಂದು ಹುಡುಗಿಯ ಕೈಯಲ್ಲಿ ಇಡಬೇಕಾಗಿತ್ತು. ಆ ದಿನ ನನಗೆ ಹುಟ್ಟಿದ ಅಸಹ್ಯ ಇನ್ನೂ ಹೋಗಿಲ್ಲ, ಅವರು ಸತ್ತ ಮೇಲೂ ಹೋಗಿಲ್ಲ.

ಅಕ್ಟೋಬರಿನಲ್ಲಿ ಪಾಸಾದೆ. ಟ್ರೇನಿಂಗ್ ಮುಗಿಸಿದೆ, ಕೆಲಸ ಮಾಡುತ್ತಲೇ ಮುಂದಿನದನ್ನೂ ಓದಿದೆ, ಹಿರೇಕೆರೂರಿನ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳುವ ಕೆಲಸ ಸಿಕ್ಕಿತು. ಮೊದಲ ವರ್ಷವೇ ಅಂಗಳಕ್ಕೆ ಮಕ್ಕಳನ್ನು ಕರೆದೊಯ್ದು ಕೈ ಹಿಡೀರಿ ಎಂದೆ. ಹಿಡಿಯಲಿಲ್ಲ. ಅವರು ಹಿಡಿಯುವವರೆಗೂ ನಾನು ನಿಂತೆ, ಗಂಟೆ ಹೊಡೆಯಿತು, ಆದರೂ ನಿಂತೆ. ಕೊನೆಗೆ ಹಿಡಿದರು. ಮರುದಿನ ಒಬ್ಬ ಗೌಡರು ಬಂದು ಮಗಳನ್ನು ಬಿಡಿಸಿಕೊಂಡು ಹೋದರು. ಹನ್ನೊಂದನೆಯ ದಿನಕ್ಕೆ ಹುಡುಗಿ ತಾನೇ ಹಟ ಹಿಡಿದು ತಿರುಗಿ ಬಂದಳು. ಶಾಲೆ ಬಿದ್ದುಹೋಗಲಿಲ್ಲ.

ಅರವತ್ತರ ದಶಕದ ನಡುವೆ ಹಿರೇಕೆರೂರಿನಲ್ಲಿ ವಿಜ್ಞಾನ ಶಿಕ್ಷಕರ ಒಂದು ಸಭೆ ನಡೆಯಿತು. ಮುಖ್ಯ ಭಾಷಣ ನಮ್ಮ ಸರ್ ಅವರದು, ವಿಷಯ ವಿಜ್ಞಾನ ಬೋಧನೆಯಲ್ಲಿ ಸ್ಥಳೀಯ ಸಾಮಗ್ರಿ. ಆ ದಂಟಿನಿಂದ ಮನುಷ್ಯ ಹೆಸರು ಮಾಡಿದ್ದರು. ವೇದಿಕೆಯ ಮೇಲೆ ದಂಟು ಎತ್ತಿ ತೋರಿಸಿದಾಗ ಚಪ್ಪಾಳೆಯೂ ಬಿತ್ತು. ನಾನು ಅವರ ಹೆಸರು ಕಾರ್ಯಕ್ರಮದ ಪಟ್ಟಿಯಲ್ಲಿ ನೋಡಿಯೇ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಭಾಷಣ ಮುಗಿದ ಮೇಲೆ ಅವರು ಪಕ್ಕದ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಒಳಗೆ ಹೋದೆ. ಗುರುತು ಹಿಡಿದು ಬಹಳ ಸಂತೋಷಪಟ್ಟರು, ನಮ್ಮ ಹುಡುಗಿ, ನಮ್ಮ ಹುಡುಗಿ ಎಂದರು.

ನಾನು ಸುತ್ತಿ ಬಳಸಿ ಮಾತಾಡಲಿಲ್ಲ. 'ಕಡ್ಡಿ ಇಲ್ಲ ಅಂತ ನಿಮಗ ಗೊತ್ತಿತ್ತಲ್ರಿ ಸರ್?'

ಸರ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ, 'ಗೊತ್ತಿತ್ತವ್ವಾ' ಎಂದರು. 'ಏನ ಮಾಡೋದಿತ್ತು ಹೇಳು. ಕೈ ಹಿಡೀರಿ ಅಂತ ಹಟಾ ಹಿಡಿದಿದ್ದರ ಮಂದಿ ಸುಮ್ನಿರ್ತಿದ್ರೇನು? ನಿನ್ನ ಸಾಲಿ ಬಿಡಸ್ತಿದ್ರು. ನಿನ್ನ ಸಲವಾಗೇ ಮಾಡಿದೆ ನಾ. ಮಂದಿ, ಮಂದಿ ನೋಡಬೇಕಲ್ಲವ್ವಾ.'

ಅದರಲ್ಲಿ ಒಂದು ಕಾಳಿನಷ್ಟು ನಿಜ ಇದ್ದೀತು. ಆ ಕಾಳನ್ನೂ ಅವರಿಗೆ ಬಿಟ್ಟುಕೊಡುವ ಮನಸ್ಸು ನನಗಿಲ್ಲ. ನಾನು ಚೀಲದಿಂದ ಪುಸ್ತಕ ತೆಗೆದು ಅವರತ್ತ ಚಾಚಿದೆ. 'ತೊಗೋರಿ ಸರ್, ನಿಮ್ಮ ಪುಸ್ತಕ.'

ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಅಧ್ಯಕ್ಷರಿರಲಿಲ್ಲ, ಆ ಆಯಿ, ಅಧ್ಯಕ್ಷರ ತಾಯಿ, ಇರಲಿಲ್ಲ, ಇನ್ಸ್‌ಪೆಕ್ಟರ್ ಇರಲಿಲ್ಲ. ಅವರು ಹೇಳಿದ ಆ ಮಂದಿಯಲ್ಲಿ ಒಬ್ಬರೂ ಇರಲಿಲ್ಲ. ಸರ್ ಅವರ ಕೈ ಒಂದು ಗೇಣು ಮೇಲೆದ್ದಿತು. ನಾನು ನೋಡುತ್ತಿದ್ದೆ. ಎದ್ದ ಕೈ ಮೇಜಿನ ಕಡೆ ತಿರುಗಿತು.

'ಅಲ್ಲೇ ಇಡವ್ವಾ' ಎಂದರು. 'ಆಮ್ಯಾಲೆ ತೊಗೊಂತೇನಿ.'

ನಾನು ಇಡಲಿಲ್ಲ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ. ಅದೇ ಕೊನೆಯ ಭೇಟಿ.

ಆದ್ದರಿಂದ ಪತ್ರ ಬರೆದವಳಿಗೆ ನನ್ನ ಉತ್ತರ ಇಷ್ಟು. ಸರ್ ಅವರ ವಸ್ತು ಒಂದು ನನ್ನ ಬಳಿ ಇದೆ, ಅವರ ಅಕ್ಷರವೂ ಅದರಲ್ಲಿದೆ. ನಿಮ್ಮ ಗಾಜಿನ ಕಪಾಟಿಗೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಆದರೆ ಟಪಾಲಿಗೆ ಹಾಕುವುದಿಲ್ಲ, ಆಳಿನ ಕೈಯಲ್ಲಿ ಕಳಿಸುವುದಿಲ್ಲ, ಕಟ್ಟೆಯ ಮೇಲೆ ಇಡುವುದೂ ಇಲ್ಲ. ನಾನಿರುವ ಹಿರೇಕೆರೂರಿಗೆ ದಿನಾಲೂ ಬಸ್ಸಿದೆ. ನೀನೇ ಬಾ. ನಾನು ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿರುತ್ತೇನೆ, ನೀನು ಕೈ ಚಾಚಬೇಕು. ಬಲಗೈ.